ಕಿತ್ತುಹೋದ ಹಳಿಗಳ ಮೇಲೆ ಮತ್ತೆ ರೈಲು

ಅಮೆರಿಕದ ಮೊಂಟಾನ ಮತ್ತು ಐಡಾಹೊ ರಾಜ್ಯಗಳ ಗಡಿಯಲ್ಲಿ ಬಿಟರ್‌ರೂಟ್ ಎಂಬ ಪರ್ವತಶ್ರೇಣಿಯಿದೆ. ಅದನ್ನು ಕೊರೆದು ಮಾಡಿದ ಸುಮಾರು 2.7 ಕಿ.ಮೀ. ಉದ್ದದ ಸುರಂಗವೊಂದರಲ್ಲಿ ಇಂದು ಸೈಕಲ್ ಸವಾರರು ದೀಪ ಹೊತ್ತಿಸಿಕೊಂಡು ಸಾಗುತ್ತಾರೆ. ಹಿಂದೆ ಇದೇ ಸುರಂಗದಲ್ಲಿ ವಿದ್ಯುತ್ ರೈಲುಗಳು ಓಡುತ್ತಿದ್ದವು. ಈಗ ಅಲ್ಲಿ ಹಳಿಯೂ ಇಲ್ಲ, ತಂತಿಯೂ ಇಲ್ಲ. ಆದರೆ ಇಂಥ ಅಳಿದುಹೋದ ಮಾರ್ಗಗಳನ್ನು ಗಣಕದ ಪರದೆಯ ಮೇಲೆ ಮತ್ತೆ ಕಟ್ಟಿ, ರೈಲು ನಡೆಸಬಹುದು. 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಮತ್ತು ಟ್ರೈನ್ಸ್ ತಂತ್ರಾಂಶಗಳಲ್ಲಿ ಬಳಕೆದಾರರೇ ಹೊಸ ಮಾರ್ಗ ನಿರ್ಮಿಸಲು ಬೇಕಾದ ಸಲಕರಣೆಗಳಿದ್ದವು. ಅನಂತರ ಓಪನ್ ರೈಲ್ಸ್ ಎಂಬ ಮುಕ್ತ ತಂತ್ರಾಂಶವೂ ಸೇರಿಕೊಂಡಿತು.

ಇದು ಬರಿಯ ಆಟವಲ್ಲವೇ ಎಂದು ನೀವು ಕೇಳಬಹುದು. ಆಟ ನಿಜ. ಆದರೆ ಅದನ್ನು ಕಟ್ಟುವವರು ಇತಿಹಾಸಕಾರನ ಕೆಲಸವನ್ನೂ ಭೌತವಿಜ್ಞಾನಿಯ ಕೆಲಸವನ್ನೂ ಒಟ್ಟಿಗೆ ಮಾಡಬೇಕಾಗುತ್ತದೆ. ಅದು ಎಲ್ಲಿಯವರೆಗೆ ಸಾಧ್ಯ ಎಂಬುದನ್ನು ನೋಡೋಣ.

ಮೊದಲು ಮಾರ್ಗದ ಕಥೆ. ಷಿಕಾಗೊ, ಮಿಲ್ವಾಕಿ ಮತ್ತು ಸೇಂಟ್ ಪಾಲ್ ಕಂಪನಿಯು ಪೆಸಿಫಿಕ್ ಕರಾವಳಿಯ ಕಡೆಗೆ ಹಾಕಿದ ಹಳಿ 1909ರಲ್ಲಿ ಪೂರ್ಣಗೊಂಡಿತು. ಮರುವರ್ಷವೇ ಆ ಕಾಡುಗಳಲ್ಲಿ ಭೀಕರ ಬೆಂಕಿ ಹಬ್ಬಿದಾಗ ಜನರನ್ನು ತುಂಬಿಕೊಂಡ ರೈಲುಗಳು ಸುರಂಗಗಳಲ್ಲಿ ಆಶ್ರಯ ಪಡೆದವು. ಬೆಟ್ಟದ ಏರು, ಚಳಿಗಾಲದಲ್ಲಿ ಉಗಿ ಎಂಜಿನ್ನುಗಳ ಪಾಡು, ಹತ್ತಿರದಲ್ಲೇ ಸಿಗುವ ಜಲವಿದ್ಯುತ್ತು - ಇವನ್ನೆಲ್ಲ ನೋಡಿ ಕಂಪನಿಯು ವಿದ್ಯುದೀಕರಣಕ್ಕೆ ಕೈಹಾಕಿತು. 1915ರಿಂದ 1917ರ ವೇಳೆಗೆ ಹಾರ್ಲೊಟನ್‌ನಿಂದ ಏವರಿಯವರೆಗಿನ ಸುಮಾರು 700 ಕಿ.ಮೀ. ಮಾರ್ಗದ ಮೇಲೆ 3,000 ವೋಲ್ಟ್ ಏಕಮುಖ ವಿದ್ಯುತ್ತಿನ ತಂತಿ ಬಂತು. (ಇದೇ ವೋಲ್ಟೇಜನ್ನು 1950ರ ದಶಕದ ಕೊನೆಯಲ್ಲಿ ನಮ್ಮ ಹೌರಾ ಸುತ್ತಲಿನ ಮಾರ್ಗಗಳಲ್ಲೂ ಬಳಸಿ, ಆಮೇಲೆ 25,000 ವೋಲ್ಟ್ ಪರ್ಯಾಯ ವಿದ್ಯುತ್ತಿಗೆ ಬದಲಾಯಿಸಲಾಯಿತು.) 1973ರ ಆರಂಭದಲ್ಲಿ ಕಂಪನಿ ವಿದ್ಯುತ್ ರೈಲುಗಳನ್ನು ನಿಲ್ಲಿಸುವ ನಿರ್ಧಾರ ಪ್ರಕಟಿಸಿತು. ಅದೇ ಅಕ್ಟೋಬರ್‌ನಲ್ಲಿ ತೈಲ ಬಿಕ್ಕಟ್ಟು ಎರಗಿತು! ಆದರೂ ನಿರ್ಧಾರ ಬದಲಾಗಲಿಲ್ಲ. 1974ರ ಜೂನ್‌ನಲ್ಲಿ ಕೊನೆಯ ವಿದ್ಯುತ್ ಗಾಡಿ ಓಡಿತು. 1980ರಲ್ಲಿ ಈ ಮಾರ್ಗವನ್ನೇ ಕೈಬಿಡಲಾಯಿತು.

ಇಂಥ ಮಾರ್ಗವನ್ನು ಮರುಸೃಷ್ಟಿಸಲು ದಾಖಲೆಗಳು ಎಲ್ಲಿವೆ? ಅಮೆರಿಕದ ಅದೃಷ್ಟವೆಂದರೆ, 1913ರ ಕಾನೂನೊಂದರ ಪ್ರಕಾರ ಅಲ್ಲಿನ ಸರ್ಕಾರ ರೈಲು ಕಂಪನಿಗಳ ಆಸ್ತಿಯ ಮೌಲ್ಯಮಾಪನ ಮಾಡಿಸಿತು. ಹಳಿ, ಸೇತುವೆ, ಕಟ್ಟಡ ಎಲ್ಲವೂ ನಕ್ಷೆಗಳಲ್ಲಿ ದಾಖಲಾದವು. ದರ ನಿಗದಿಗೆಂದು ಮಾಡಿದ ಕೆಲಸ ನೂರು ವರ್ಷಗಳ ಅನಂತರ ಇತಿಹಾಸಕ್ಕೆ ಒದಗಿದೆ. ಇದರ ಜೊತೆಗೆ ಏರು ಮತ್ತು ತಿರುವುಗಳನ್ನು ಮೈಲಿಗೊಮ್ಮೆ ತೋರಿಸುವ ಕಂಪನಿಯ ಪಟ್ಟಿಗಳು, ಸಿಬ್ಬಂದಿಯ ವೇಳಾಪಟ್ಟಿಗಳು, ಹಳೆಯ ಛಾಯಾಚಿತ್ರಗಳು.

ನೆಲದ ಎತ್ತರಕ್ಕೆ ಈಗ ಉಪಗ್ರಹ ಮತ್ತು ಸರ್ವೇಕ್ಷಣೆಯ ಅಂಕಿಗಳು ಸಿಗುತ್ತವೆ. ಇಲ್ಲೊಂದು ತೊಡಕಿದೆ. ಸಾಮಾನ್ಯವಾಗಿ ಸಿಗುವ ದತ್ತಾಂಶದಲ್ಲಿ 30 ಮೀಟರಿಗೊಂದು ಬಿಂದು. ಒಂಟಿ ಹಳಿಯ ಹಾಸೋ ಕೆಲವೇ ಮೀಟರ್ ಅಗಲ. ಹೀಗಾಗಿ ಗುಡ್ಡ ಕಡಿದು ಮಾಡಿದ ದಾರಿ, ಮಣ್ಣು ತುಂಬಿ ಎಬ್ಬಿಸಿದ ಏರಿ ಎರಡೂ ಅಂಕಿಗಳಲ್ಲಿ ಮಾಸಿಹೋಗುತ್ತವೆ. ಆ ಎತ್ತರಗಳನ್ನೇ ನಂಬಿ ಹಳಿ ಹಾಸಿದರೆ ರೈಲು ಅಲೆಯ ಮೇಲಿನ ದೋಣಿಯಂತೆ ಏರಿಳಿಯುತ್ತದೆ! ಆದ್ದರಿಂದ ಕಂಪನಿಯ ಪಟ್ಟಿಯಲ್ಲಿರುವ ಏರಿನ ಪ್ರಮಾಣವನ್ನೇ ಆಧಾರವಾಗಿಟ್ಟುಕೊಂಡು ಹಳಿ ಹಾಕಿ, ನೆಲವನ್ನು ಅದಕ್ಕೆ ಹೊಂದಿಸಬೇಕು.

ಇದಕ್ಕಿಂತ ದೊಡ್ಡ ಸಮಸ್ಯೆ ಬೇರೆಯೇ. ಗ್ರಂಥ ಬರೆಯುವ ಇತಿಹಾಸಕಾರ ಆಧಾರ ಸಿಗದ ಕಡೆ ಸುಮ್ಮನಿರಬಹುದು. ಸಿಮ್ಯುಲೇಟರಿನಲ್ಲಿ ಮಾತ್ರ ಯಾವ ಜಾಗವನ್ನೂ ಖಾಲಿ ಬಿಡುವಂತಿಲ್ಲ. ನಿಲ್ದಾಣದ ಹಿಂಬದಿಯ ಗೋಡೆಗೆ ಏನಾದರೂ ಬಣ್ಣ ಬಳಿಯಲೇಬೇಕು. ನೋಡುವವರಿಗೆ ದಾಖಲೆಯಿಂದ ಬಂದದ್ದಾವುದು, ಊಹೆಯಾವುದು ಎಂದು ತಿಳಿಯದು; ಎರಡೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಮಾರ್ಗದ ಜೊತೆಗೆ ಊಹೆಗಳ ಪಟ್ಟಿಯನ್ನೂ ಕೊಡುವ ಕರ್ತೃವಿನ ಕೆಲಸವನ್ನೇ ನಾನು ಹೆಚ್ಚು ನಂಬುತ್ತೇನೆ.

ಇನ್ನು ಭೌತವಿಜ್ಞಾನ. ಬಿಟರ್‌ರೂಟ್ ಏರು ಶೇ. 1.7, ಅಂದರೆ 100 ಮೀಟರಿಗೆ 1.7 ಮೀಟರ್. 2,500 ಟನ್ನಿನ ಒಂದು ಗಾಡಿಯನ್ನು ಊಹಿಸಿಕೊಳ್ಳಿ. ಅದನ್ನು ಏರಿನಲ್ಲಿ ಹಿಂದಕ್ಕೆಳೆಯುವ ಗುರುತ್ವ ಬಲ 25,00,000 × 9.8 × 0.017, ಅಂದರೆ ಸುಮಾರು 4,16,000 ನ್ಯೂಟನ್. ಉರುಳುವ ಘರ್ಷಣೆಗೆ ಟನ್ನಿಗೆ 25 ನ್ಯೂಟನ್‌ನಂತೆ ಇನ್ನೂ 62,000 ಸೇರಿಸಿ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಎಳೆಯಲು 3.3 ಮೆಗಾವಾಟ್ ಬೇಕು. ಎಂಜಿನ್ನಿನ ಸ್ವಂತ ತೂಕವನ್ನು ನಾವಿನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. 1915ರ ಜೋಡಿ ಎಂಜಿನ್ನಿನ ಒಂದು ಗಂಟೆಯ ಸಾಮರ್ಥ್ಯ 3,440 ಅಶ್ವಶಕ್ತಿ, ಸುಮಾರು 2.6 ಮೆಗಾವಾಟ್. ಬೆಟ್ಟದ ಬುಡದಲ್ಲಿ ಸಹಾಯಕ ಎಂಜಿನ್ ಏಕೆ ಬೇಕಾಗುತ್ತಿತ್ತು ಎಂಬುದು ಈಗ ನಿಮಗೆ ಗೊತ್ತಾಯಿತು. ವೇಗಕ್ಕೆ ತಕ್ಕಂತೆ ಘರ್ಷಣೆ ಬದಲಾಗುವುದನ್ನು ಓಪನ್ ರೈಲ್ಸ್ ಡೇವಿಸ್ ಸೂತ್ರದಿಂದ ಲೆಕ್ಕಹಾಕುತ್ತದೆ. ಆ ಸೂತ್ರ ಪ್ರಕಟವಾದದ್ದು 1926ರಲ್ಲಿ, ಇದೇ ಎಂಜಿನ್ನುಗಳನ್ನು ಪೂರೈಸಿದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಡೇವಿಸ್ ಅವರಿಂದ.

ಏರುವಾಗ ಸಿಮ್ಯುಲೇಟರ್ ಹೀಗೆ ಚೆನ್ನಾಗಿಯೇ ಕಲಿಸುತ್ತದೆ. ಇಳಿಯುವಾಗ ಏನಾಗುತ್ತದೆ? ಮಾರ್ಗದ ಉದ್ದಕ್ಕೂ ಸರಾಸರಿ 50 ಕಿ.ಮೀ.ಗೊಂದರಂತೆ 14 ಉಪಕೇಂದ್ರಗಳಿದ್ದವು. 1,00,000 ವೋಲ್ಟಿನ ಪರ್ಯಾಯ ವಿದ್ಯುತ್ತಿನಿಂದ ಅಲ್ಲಿ ಮೋಟಾರು ತಿರುಗುತ್ತಿತ್ತು; ಮೋಟಾರು ಜನರೇಟರುಗಳನ್ನು ತಿರುಗಿಸಿ ತಂತಿಗೆ ಏಕಮುಖ ವಿದ್ಯುತ್ ಕೊಡುತ್ತಿತ್ತು. ಇಳಿಜಾರಿನಲ್ಲಿ ಎಂಜಿನ್ನಿನ ಮೋಟಾರುಗಳೇ ಜನರೇಟರುಗಳಾಗಿ ಗಾಡಿಯನ್ನು ತಡೆದು, ವಿದ್ಯುತ್ತನ್ನು ತಂತಿಗೆ ಮರಳಿಸುತ್ತಿದ್ದವು. ಹತ್ತಿರದಲ್ಲಿ ಏರುತ್ತಿರುವ ಇನ್ನೊಂದು ಗಾಡಿಯಿದ್ದರೆ ಅದಕ್ಕೆ ಆ ವಿದ್ಯುತ್ತು; ಇಲ್ಲವಾದರೆ ಉಪಕೇಂದ್ರದ ಯಂತ್ರಗಳು ತಿರುವುಮುರುವಾಗಿ ಕೆಲಸ ಮಾಡಿ ವಿದ್ಯುತ್ ಕಂಪನಿಗೇ ಹಿಂತಿರುಗಿಸುತ್ತಿದ್ದವು. ಈ ಮಾರ್ಗದ ಹೆಗ್ಗಳಿಕೆಯೇ ಇದು.

ಮೈಕ್ರೋಸಾಫ್ಟಿನ ಸಿಮ್ಯುಲೇಟರಿನಲ್ಲಿ ಇದಾವುದೂ ಇಲ್ಲ. ಅಲ್ಲಿ ತಂತಿಯೆಂದರೆ ಎಂಜಿನ್ ಓಡಲು ಸಿಕ್ಕ ಅನುಮತಿ ಅಷ್ಟೇ. ಉಪಕೇಂದ್ರದಿಂದ ದೂರ ಹೋದಂತೆ ವೋಲ್ಟೇಜ್ ಕುಸಿಯುವುದಿಲ್ಲ. ಎರಡು ಗಾಡಿಗಳು ಒಂದೇ ತಂತಿಯನ್ನು ಹಂಚಿಕೊಂಡಿರುವುದು ಗಣಕಕ್ಕೆ ತಿಳಿಯದು. ಉಪಕೇಂದ್ರದ ಇಟ್ಟಿಗೆ ಕಟ್ಟಡ ಎಷ್ಟೇ ನಿಖರವಾಗಿದ್ದರೂ ಒಳಗೆ ಯಂತ್ರವಿಲ್ಲ. ತಂತಿ ತೆಗೆದು ಡೀಸೆಲ್ಲಿಗೆ ಹೋದದ್ದು ಸರಿಯೇ ತಪ್ಪೇ ಎಂದು ಅಮೆರಿಕದ ರೈಲು ಇತಿಹಾಸಾಸಕ್ತರು ಇಂದಿಗೂ ವಾದಿಸುತ್ತಾರೆ. ಪರದೆಯ ಮೇಲೆ ವಿದ್ಯುತ್ ಎಂಜಿನ್ ಸಲೀಸಾಗಿ ಬೆಟ್ಟ ಹತ್ತಿದ್ದು ಆ ವಾದಕ್ಕೆ ಸಾಕ್ಷಿಯಾಗಲಾರದು.

ಅದಕ್ಕೆ ಕಾಗದ ಪೆನ್ಸಿಲೇ ಬೇಕು. ಸುರಂಗದಿಂದ ಏವರಿಗೆ ಸುಮಾರು 500 ಮೀಟರ್ ಇಳಿಕೆ. ನಮ್ಮ 2,500 ಟನ್ನಿನ ಗಾಡಿ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 3,400 ಯೂನಿಟ್. ಇದರಲ್ಲಿ ಘರ್ಷಣೆಗೆ ಎಷ್ಟು, ಮೋಟಾರು, ತಂತಿ ಮತ್ತು ಉಪಕೇಂದ್ರಗಳಲ್ಲಿ ಎಷ್ಟು ನಷ್ಟವಾಗುತ್ತದೆ, ಉಳಿದದ್ದರಿಂದ ಅಂಥದೇ ಗಾಡಿಯೊಂದನ್ನು ಎಷ್ಟು ಎತ್ತರಕ್ಕೆ ಏರಿಸಬಹುದು ಎಂಬುದನ್ನು ನಿಮ್ಮ ತರಗತಿಯಲ್ಲಿ ಲೆಕ್ಕಹಾಕಿ ನೋಡಿ.