ವಿಶ್ವಾಸದ ಉಂಗುರ

ನಿಶ್ಚಿತಾರ್ಥದ ಉಂಗುರವು ಆದಿಯಿಂದಲೂ ಚಿನ್ನದ್ದೇ ಆಗಿರಲಿಲ್ಲ. ಮೊದಲನೆಯ ಶತಮಾನದ ರೋಮಿನಲ್ಲಿ ವಧುವಿಗೆ ಹರಳಿಲ್ಲದ ಕಬ್ಬಿಣದ ಉಂಗುರ ಕಳುಹಿಸುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. 866ರಲ್ಲಿ ಬಲ್ಗೇರಿಯದವರ ಪ್ರಶ್ನೆಗಳಿಗೆ ಉತ್ತರಿಸಿದ ಜಗದ್ಗುರು ಒಂದನೆಯ ನಿಕೋಲಾಸರು ಅದನ್ನು ವಿಶ್ವಾಸದ ಉಂಗುರವೆಂದು ಕರೆದರು. ಬಡತನದಿಂದ ಇಂಥವನ್ನು ಹೊಂದಿಸಲಾಗದಿದ್ದರೆ ಪಾಪವಿಲ್ಲ, ವಧೂವರರ ಸಮ್ಮತಿಯೇ ಸಾಕು ಎಂದೂ ತಿಳಿಸಿದರು.

ಅಂಥ ಬಡತನವನ್ನು ನಮ್ಮ ಕರಾವಳಿಯೂ ಕಂಡಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದ ಕ್ರೈಸ್ತರು ಮನೆಮಾರುಗಳನ್ನು ಕಳೆದುಕೊಂಡರು. 1799ರಲ್ಲಿ ಬಿಡುಗಡೆಯಾಗಿ ಮರಳಿದವರು ಬರಿಗೈಯಲ್ಲೇ ಮತ್ತೆ ಸಂಸಾರ ಹೂಡಿದರು.

ಪೊಳಲಿ, ಬಂಟ್ವಾಳದ ಆಸುಪಾಸಿನಲ್ಲಿ ಮಗನ ನಿಶ್ಚಿತಾರ್ಥಕ್ಕೆಂದು ಇಂದು ಸಾಲ ಮಾಡಹೊರಟ ತಂದೆಯು ನಿಕೋಲಾಸರ ಈ ಉತ್ತರವನ್ನು ನೆನೆಯಲಿ. ಇರುವ ಹಣದಲ್ಲಿ ಬೆಳ್ಳಿಯ ಉಂಗುರ ತಂದರೂ ಆ ಸಂಬಂಧಕ್ಕೆ ಕೊರತೆಯಾಗದು.