ಬಾವಿಯೊಳಗಿನ ಮದ್ದು

2018ರ ಜುಲೈಯಲ್ಲಿ ಹೊಸನಗರ ತಾಲೂಕಿನ ನಗರದ ಪಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಕೆಸರು ಇನ್ನೂ ಮದ್ದಿನ ವಾಸನೆ ಸೂಸುತ್ತಿತ್ತಂತೆ! 1763ರಲ್ಲಿ ಹೈದರಲಿ ಗೆದ್ದುಕೊಂಡ ಬಿದನೂರು ಇದೇ.

ಟಿಪ್ಪುವಿನ ಖಡ್ಗವೊಂದು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಈ ತುಕ್ಕು ಹಿಡಿದ ಕೊಳವೆಗಳಿಗೆ ಬೆಲೆ ಕಟ್ಟುವವರು ಯಾರು? ಗುಜರಿಯವನು ತೂಕ ನೋಡುತ್ತಾನೆ, ಹರಾಜಿನವನು ಹೆಸರು ನೋಡುತ್ತಾನೆ. ಯಾವ ಬಾವಿಯಲ್ಲಿ, ಎಷ್ಟು ಒಟ್ಟಿಗೆ ಸಿಕ್ಕವೆಂಬುದು ಇಬ್ಬರಿಗೂ ಬೇಡ. ನಗರದಲ್ಲಿ ಮದ್ದಿನ ದಾಸ್ತಾನಿತ್ತೆಂದು ನಮಗೆ ಹೇಳುವುದು ಅದೇ ತಾನೇ?

1972ರ ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೇಳುವವರಿರಲಿಲ್ಲ. ಮೈಸೂರಿನ ರಾಕೆಟ್‌ಗಳು ಇಂಗ್ಲೆಂಡಿನ ವುಲ್‌ವಿಚ್ ಸೇರಿದವು. ಕಾಂಗ್ರೀವ್ ತನ್ನ ರಾಕೆಟ್ ತಯಾರಿಸಿದ್ದೂ ಅಲ್ಲಿಯೇ. 1807ರಲ್ಲಿ ಅವು ಕೋಪನ್‌ಹೇಗನ್ ಮೇಲೆ ಸುರಿದವು.