ತಾನಾಗಿ ನಿಲ್ಲುವ ಯಂತ್ರ

ಜಾರಿಗೆ ಬೇಳೆ ಹೆಚ್ಚಾಗಿ ತುಂಬಿದಾಗ ಮಿಕ್ಸಿ ಒಮ್ಮೆಲೇ ನಿಂತುಬಿಡುವುದು ಎಲ್ಲರ ಮನೆಯಲ್ಲೂ ನಡೆಯುವ ಸಂಗತಿ. ಕೆಟ್ಟುಹೋಯಿತೆಂದು ಗಾಬರಿಪಡುವವರುಂಟು. ತಿಳಿದವರು ಅದನ್ನು ತಲೆಕೆಳಗು ಮಾಡಿ, ಅಡಿಯಲ್ಲಿರುವ ಪುಟ್ಟ ಕೆಂಪು ಗುಂಡಿಯನ್ನು ಒತ್ತಿ, ಮತ್ತೆ ನಡೆಸುತ್ತಾರೆ. ಹೊರೆ ಮಿತಿಮೀರಿ ಮೋಟಾರಿನ ಸುರುಳಿ ಸುಟ್ಟುಹೋಗುವ ಮೊದಲೇ ಆ ಗುಂಡಿಯ ಹಿಂದಿರುವ ಸಣ್ಣ ಸಾಧನ ವಿದ್ಯುತ್ತನ್ನು ಕಡಿದಿರುತ್ತದೆ. ಮಿಕ್ಸಿ ನಿಂತದ್ದು ಕೆಟ್ಟದ್ದರಿಂದಲ್ಲ, ಕೆಡಬಾರದೆಂದು.

ಯಂತ್ರಗಳ ಇತಿಹಾಸವನ್ನು ನಾವು ಸಾಮಾನ್ಯವಾಗಿ ಚಲನೆಯ ಇತಿಹಾಸವಾಗಿ ಓದುತ್ತೇವೆ. ಉಗಿಯಂತ್ರ ಬಂತು, ರೈಲು ಓಡಿತು, ಮೋಟಾರು ತಿರುಗಿತು ಎಂದು ಪಾಠಪುಸ್ತಕಗಳು ಹೇಳುತ್ತವೆ. ಆದರೆ ನಡೆಸುವುದಕ್ಕೆ ಬೇಕಾದ ಶಕ್ತಿ ಎತ್ತಿನಲ್ಲಿ, ನೀರಿನಲ್ಲಿ, ಗಾಳಿಯಲ್ಲಿ ಹಿಂದಿನಿಂದಲೂ ಇತ್ತು. ಸರಿಯಾದ ಹೊತ್ತಿಗೆ ನಿಲ್ಲಿಸಬೇಕಾದರೆ ಮಾತ್ರ ಒಬ್ಬ ಮನುಷ್ಯ ಅಲ್ಲೇ ಕಾವಲು ನಿಂತಿರಬೇಕಾಗಿತ್ತು. ತೊಟ್ಟಿ ತುಂಬಿತೇ, ಅನ್ನ ಬೆಂದಿತೇ, ನೂಲು ಹರಿಯಿತೇ ಎಂದು ನೋಡುತ್ತಾ ಕೂರುವ ಕೆಲಸ ಅದು. ಹೆಚ್ಚಾಗಿ ಅದು ಹೆಂಗಸರ, ಸೇವಕರ, ಕೂಲಿಗಳ ಪಾಲಿಗೆ ಬರುತ್ತಿತ್ತು. ಆ ಕಾವಲನ್ನು ಯಂತ್ರಕ್ಕೇ ಒಪ್ಪಿಸಿದ ಕಥೆ ಅಡುಗೆಮನೆಯ ಉಪಕರಣಗಳಿಂದ ಕಾರ್ಖಾನೆಯ ರೋಬೋಟಿನವರೆಗೆ ಹರಡಿಕೊಂಡಿದೆ.

ಕ್ರಿ.ಶ. 9ನೇ ಶತಮಾನದ ಬಗ್ದಾದಿನಲ್ಲಿ ಮೂವರು ಸಹೋದರರಿದ್ದರು: ಮುಹಮ್ಮದ್, ಅಹ್ಮದ್ ಮತ್ತು ಹಸನ್. ಮೂಸಾ ಬಿನ್ ಶಾಕಿರರ ಮಕ್ಕಳಾದ್ದರಿಂದ ಇತಿಹಾಸದಲ್ಲಿ ಇವರಿಗೆ ಬನೂ ಮೂಸಾ ಎಂದೇ ಹೆಸರು. ಖಲೀಫ ಮಾಮೂನರ ಆಶ್ರಯದಲ್ಲಿ ಬೆಳೆದ ಇವರು ಗ್ರೀಕ್ ಗ್ರಂಥಗಳನ್ನು ಅರಬಿಗೆ ತರಿಸಲು ಕೈಯಿಂದ ಹಣ ಸುರಿದವರು. ಸುಮಾರು 850ರಲ್ಲಿ ಇವರು ರಚಿಸಿದ ‘ಕಿತಾಬುಲ್ ಹಿಯಲ್’ ಎಂಬ ಗ್ರಂಥದಲ್ಲಿ ನೂರರಷ್ಟು ಸಾಧನಗಳ ವಿವರಣೆಯಿದೆ. ಅವುಗಳಲ್ಲಿ ಬಹುಪಾಲು ಅತಿಥಿಗಳನ್ನು ಬೆರಗುಗೊಳಿಸುವ ಹೂಜಿಗಳು, ಚಿಲುಮೆಗಳು. ಎಣ್ಣೆ ಕಡಿಮೆಯಾದಂತೆ ತಾನಾಗಿ ತುಂಬಿಕೊಳ್ಳುವ, ಬತ್ತಿಯನ್ನು ತಾನಾಗಿ ಮೇಲಕ್ಕೆ ತಳ್ಳುವ ದೀಪಗಳೂ ಇವೆ. ಇವುಗಳ ಒಳಗಿನ ಗುಟ್ಟು ನೀರಿನ ಮಟ್ಟದೊಂದಿಗೆ ಏರಿಳಿಯುವ ತೇಲುಗುಂಡು ಮತ್ತು ಶಂಕುವಿನಾಕಾರದ ಕವಾಟ. ನೀರು ಏರಿದಾಗ ಗುಂಡು ಏರುತ್ತದೆ, ಕವಾಟ ಮುಚ್ಚುತ್ತದೆ. ನೀರು ಇಳಿದಾಗ ತೆರೆಯುತ್ತದೆ. ನಮ್ಮ ಮನೆಯ ಮೇಲಿನ ಟ್ಯಾಂಕಿನ ಬಾಲ್ ವಾಲ್ವ್ ಕೆಲಸ ಮಾಡುವುದು ಇದೇ ತತ್ವದ ಮೇಲೆ.

ಇಲ್ಲಿ ಒಂದು ಮಾತು. ನಮ್ಮ ಸಭೆಗಳಲ್ಲಿ ಇಂತಹ ವಿಷಯ ಬಂದಾಗ “ಎಲ್ಲವನ್ನೂ ಕಂಡುಹಿಡಿದವರು ನಾವೇ” ಎಂಬ ಧಾಟಿ ಬಹುಬೇಗ ಕಾಣಿಸಿಕೊಳ್ಳುತ್ತದೆ. ತೇಲುಗುಂಡಿನ ಉಪಾಯ ಬನೂ ಮೂಸಾಗಿಂತ ಸಾವಿರ ವರ್ಷ ಹಿಂದೆ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸನ ನೀರುಗಡಿಯಾರದಲ್ಲಿ ಇತ್ತು. ಫೈಲೋ ಮತ್ತು ಹೆರಾನ್ ಎಂಬವರ ಗ್ರಂಥಗಳು ಬಗ್ದಾದಿಗೆ ತಲುಪಿದ್ದವು. ಸಹೋದರರ ಹಿರಿಮೆ ಇರುವುದು ಆ ಬೀಜವನ್ನು ಪಡೆದು ನೂರು ಬಗೆಯಲ್ಲಿ ಬೆಳೆಸಿದ್ದರಲ್ಲಿ. ಇತರರಿಂದ ಕಲಿತದ್ದನ್ನು ಅವರು ಅವಮಾನವೆಂದು ತಿಳಿಯಲಿಲ್ಲ.

ಅವರ ನಂತರ ಸುಮಾರು ಮೂರೂವರೆ ಶತಮಾನ ದಾಟಿ, ಇಂದಿನ ಟರ್ಕಿಯ ದಿಯಾರ್‌ಬಕಿರ್‌ಗೆ ಬರೋಣ. ಅಂದು ಆಮಿದ್ ಎಂದು ಕರೆಯಲಾಗುತ್ತಿದ್ದ ಈ ನಗರದಲ್ಲಿ ಅರ್ತುಖಿ ವಂಶದ ಅರಸರ ಬಳಿ ಅಲ್ ಜಝರಿ ಎಂಬ ಯಂತ್ರಶಿಲ್ಪಿ ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದ್ದರು. ನೀನು ಕಷ್ಟಪಟ್ಟು ಮಾಡಿದ್ದು ನಿನ್ನೊಂದಿಗೇ ನಾಶವಾಗಬಾರದು, ಬರೆದಿಡು ಎಂದು ಅರಸ ನಾಸಿರುದ್ದೀನ್ ಮಹ್ಮೂದ್ ಆಜ್ಞಾಪಿಸಿದ ಮೇಲೆ ಅವರು 1206ರಲ್ಲಿ ಐವತ್ತು ಸಾಧನಗಳ ಗ್ರಂಥವನ್ನು ಪೂರ್ಣಗೊಳಿಸಿದರು. ಹಿಂದಿನವರು ಬರೆದುದರಲ್ಲಿ ಎಷ್ಟೋ ವಿಷಯಗಳನ್ನು ಮಾಡಿ ನೋಡಿಯೇ ಇಲ್ಲವೆಂಬ ದೂರು ಅವರದು. ಆದ್ದರಿಂದ ತಮ್ಮ ಗ್ರಂಥದಲ್ಲಿ ತಗಡನ್ನು ಹೇಗೆ ಬಡಿಯಬೇಕು, ಕವಾಟವನ್ನು ಹೇಗೆ ಉಜ್ಜಿ ಕೂರಿಸಬೇಕು, ಅಳತೆ ಎಷ್ಟು ಎಂಬುದನ್ನೆಲ್ಲ ಕಮ್ಮಾರನಿಗೆ ಹೇಳುವಂತೆ ಹೇಳಿದ್ದಾರೆ. ಅವರ ಭಾರೀ ನೀರುಗಡಿಯಾರವೊಂದನ್ನು 1976ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿ ಮತ್ತೆ ಕಟ್ಟಿ ನಡೆಸಲು ಸಾಧ್ಯವಾದದ್ದು ಇದರಿಂದಲೇ.

ಈ ಅರಸನಿಗೆ ಒಂದು ಅಸಮಾಧಾನವಿತ್ತು. ಅಂಗಸ್ನಾನ (ವುಝೂ) ಮಾಡುವಾಗ ಸೇವಕನೋ ದಾಸಿಯೋ ಪಕ್ಕದಲ್ಲಿ ನಿಂತು ಕೈಗೆ ನೀರು ಹೊಯ್ಯುವುದು ಆತನಿಗೆ ಇಷ್ಟವಿರಲಿಲ್ಲ. ಬೇರೆ ಉಪಾಯ ಹುಡುಕು ಎಂದು ಜಝರಿಗೆ ಹೇಳಿದ. ಕೈ ತೊಳೆಯುವ ಹಲವು ಯಂತ್ರಗಳು ಗ್ರಂಥದಲ್ಲಿವೆ. ಅವುಗಳಲ್ಲಿ ನವಿಲಿನ ತೊಟ್ಟಿ ಪ್ರಸಿದ್ಧ. ಬಾಲದ ಬೆಣೆ ಎಳೆದರೆ ನವಿಲಿನ ಕೊಕ್ಕಿನಿಂದ ನೀರು ಸುರಿಯುತ್ತದೆ. ಬಳಸಿದ ನೀರು ಕೆಳಗಿನ ಪೊಳ್ಳು ಪೀಠಕ್ಕೆ ಇಳಿಯುತ್ತದೆ. ಅಲ್ಲಿ ಒಂದು ಮಟ್ಟಕ್ಕೆ ಬಂದಾಗ ತೇಲುಗುಂಡು ಎದ್ದು ಸನ್ನೆಗೋಲನ್ನು ತಳ್ಳುತ್ತದೆ. ಪುಟ್ಟ ಬಾಗಿಲು ತೆರೆದು ಸೇವಕನ ಬೊಂಬೆ ಸಾಬೂನು ಹಿಡಿದು ಹೊರಬರುತ್ತದೆ. ನೀರು ಇನ್ನೂ ಏರಿದಾಗ ಎರಡನೆಯ ಗುಂಡು ಎದ್ದು, ಎರಡನೆಯ ಬೊಂಬೆ ಟವೆಲ್ ತರುತ್ತದೆ! ಕೈ ತೊಳೆಯುವವನು ಎಷ್ಟು ನೀರು ಬಳಸಿದ್ದಾನೆ ಎಂಬುದನ್ನು ಯಂತ್ರವೇ ಅಳೆದು, ಮುಂದಿನ ಹೆಜ್ಜೆಯನ್ನು ತಾನೇ ಆರಂಭಿಸುತ್ತದೆ. ಇದನ್ನು ರೋಬೋಟ್ ಎಂದು ಕರೆಯಬಹುದೇ? ಆ ಪದವೇ 1920ರಲ್ಲಿ ಝೆಕ್ ನಾಟಕಕಾರ ಕರೆಲ್ ಚಾಪೆಕ್ ಬರೆದ ನಾಟಕದಿಂದ ಬಂದದ್ದು. ಹೆಸರಿನ ಜಗಳಕ್ಕಿಂತ ಆ ಎರಡು ತೇಲುಗುಂಡುಗಳು ಮುಖ್ಯವೆಂದು ನನಗನಿಸುತ್ತದೆ.

ಈ ಎಲ್ಲ ಉಪಾಯಗಳು ಅರಮನೆಯ ಗೋಡೆಯೊಳಗೇ ಉಳಿದವು. ದುಡಿಯುವವರ ಮನೆಗೆ, ಕಾರ್ಖಾನೆಗೆ ಅಂತಹ ಕಾವಲುಗಾರ ಬರಲು ಬಹಳ ಕಾಲ ಬೇಕಾಯಿತು. ಅದರ ಒಂದು ದೊಡ್ಡ ಅಧ್ಯಾಯ ಜಪಾನಿನದು.

ಸಕಿಚಿ ಟೊಯೋಡ 1867ರಲ್ಲಿ ಹಳ್ಳಿಯ ಬಡಗಿಯೊಬ್ಬನ ಮಗನಾಗಿ ಹುಟ್ಟಿದವರು. ಅವರ ತಾಯಿಯೂ ಊರಿನ ಇತರ ಹೆಂಗಸರೂ ರಾತ್ರಿಯವರೆಗೂ ಮಗ್ಗದಲ್ಲಿ ದುಡಿಯುತ್ತಿದ್ದರು. ಇದನ್ನು ನೋಡುತ್ತ ಬೆಳೆದ ಸಕಿಚಿ, ಎರಡು ಕೈ ಬೇಡುತ್ತಿದ್ದ ಕೆಲಸವನ್ನು ಒಂದೇ ಕೈಯಲ್ಲಿ ಮಾಡಬಹುದಾದ ಮರದ ಮಗ್ಗಕ್ಕೆ 1891ರಲ್ಲಿ ಪೇಟೆಂಟ್ ಪಡೆದರು. ಮುಂದೆ ಉಗಿಯಿಂದ ನಡೆಯುವ ಮಗ್ಗ ಮಾಡಿದರು. ಆದರೆ ಯಂತ್ರಮಗ್ಗಕ್ಕೆ ಒಂದು ಶಾಪವಿದೆ. ಹಾಸಿನ ಒಂದೇ ಎಳೆ ಹರಿದರೂ ಮಗ್ಗಕ್ಕೆ ಅದರ ಅರಿವಿಲ್ಲ. ಗಜಗಟ್ಟಲೆ ಕೆಟ್ಟ ಬಟ್ಟೆಯನ್ನು ನೇಯುತ್ತಲೇ ಹೋಗುತ್ತದೆ. ಆದ್ದರಿಂದ ಮಗ್ಗಗಳ ಮುಂದೆ ಎಳೆಗಳ ಮೇಲೆ ಕಣ್ಣಿಟ್ಟು ಯಾರಾದರೂ ನಿಂತೇ ಇರಬೇಕು.

1924ರಲ್ಲಿ ಪೂರ್ಣಗೊಂಡ ‘ಜಿ’ ಮಾದರಿಯ ಮಗ್ಗದಲ್ಲಿ ಇದಕ್ಕೆ ಉತ್ತರವಿತ್ತು. ಪ್ರತಿಯೊಂದು ಹಾಸಿನ ಎಳೆಯೂ ಒಂದು ತೆಳು ಲೋಹದ ಪಟ್ಟಿಯನ್ನು ಎತ್ತಿಹಿಡಿದಿರುತ್ತದೆ. ಎಳೆ ಹರಿದರೆ ಪಟ್ಟಿ ಕೆಳಗೆ ಬೀಳುತ್ತದೆ, ಅಡಿಯಲ್ಲಿ ಆಡುತ್ತಿರುವ ಸರಳಿಗೆ ಅಡ್ಡವಾಗುತ್ತದೆ, ಮಗ್ಗ ನಿಲ್ಲುತ್ತದೆ. ವಿದ್ಯುತ್ತಿಲ್ಲ, ಕಂಪ್ಯೂಟರಿಲ್ಲ, ಗುರುತ್ವಾಕರ್ಷಣೆಯೊಂದೇ ಸಾಕು. ಲಾಳಿಯ ನೂಲು ಮುಗಿಯುತ್ತ ಬಂದರೆ ಮಗ್ಗ ನಿಲ್ಲದೆಯೇ ಹೊಸ ಲಾಳಿ ಬಂದು ಕೂರುತ್ತದೆ. ಒಬ್ಬ ಕೆಲಸಗಾರ ಈಗ ಡಜನುಗಟ್ಟಲೆ ಮಗ್ಗಗಳನ್ನು ನೋಡಿಕೊಳ್ಳಬಹುದಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯು ಇದರ ಪೇಟೆಂಟ್ ಹಕ್ಕಿಗೆ ಒಂದು ಲಕ್ಷ ಪೌಂಡಿನ ಒಪ್ಪಂದ ಮಾಡಿಕೊಂಡಿತು. ಜಗತ್ತಿಗೆಲ್ಲ ಜವಳಿಯಂತ್ರ ಮಾರುತ್ತಿದ್ದ ಕಂಪನಿ ಜಪಾನಿನ ಬಡಗಿಯ ಮಗನಿಂದ ಹಕ್ಕು ಕೊಳ್ಳಬೇಕಾಯಿತು! ಸಕಿಚಿಯವರ ಮಗ ಕಿಇಚಿರೊ ಮುಂದೆ ಕಾರಿನ ಕಡೆ ತಿರುಗಿ, 1937ರಲ್ಲಿ ಟೊಯೋಟ ಮೋಟಾರ್ ಕಂಪನಿ ಸ್ಥಾಪನೆಯಾಯಿತು.

ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಒಬ್ಬನು ಹಲವು ಮಗ್ಗಗಳನ್ನು ನೋಡಿಕೊಂಡರೆ ಉಳಿದವರು ಎಲ್ಲಿಗೆ ಹೋದರು? ತಾಯಂದಿರ ದುಡಿಮೆ ಹಗುರವಾಗಲೆಂದು ಹುಟ್ಟಿದ ಯಂತ್ರವೇ ಕೈಮಗ್ಗದವರ ಕೂಲಿಯನ್ನೂ ಕಿತ್ತುಕೊಂಡಿತು. ನೇಕಾರರ ಕೇರಿಗಳಿರುವ ನಮ್ಮ ನಾಡಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಡುಗೆಮನೆಯ ಕಥೆ ಇದಕ್ಕಿಂತ ಭಿನ್ನ. ಜಪಾನಿನ ಗೃಹಿಣಿ ನಸುಕಿನಲ್ಲೆದ್ದು, ಸೌದೆ ಒಲೆಯ ಮುಂದೆ ಕುಳಿತು, ಉರಿ ಏರಿಸಿ ಇಳಿಸಿ ಅನ್ನ ಮಾಡಬೇಕಾಗಿತ್ತು. ಕಣ್ಣು ತಪ್ಪಿದರೆ ತಳ ಹತ್ತುತ್ತಿತ್ತು. ಮಹಾಯುದ್ಧ ಮುಗಿದ ಮೇಲೆ ಹಲವರು ವಿದ್ಯುತ್ ಪಾತ್ರೆ ಮಾಡಹೊರಟರು. ಮುಂದೆ ಸೋನಿ ಎಂದು ಪ್ರಸಿದ್ಧವಾದ ಕಂಪನಿಯ ಮೊದಲ ಪ್ರಯತ್ನವೂ ಮರದ ತೊಟ್ಟಿಯ ರೈಸ್ ಕುಕ್ಕರೇ. ಅನ್ನ ಒಂದೋ ಬೇಯುತ್ತಿರಲಿಲ್ಲ, ಇಲ್ಲವೇ ಮುದ್ದೆಯಾಗುತ್ತಿತ್ತು. ಬಿಸಿ ಮಾಡುವುದು ಸುಲಭ, ಯಾವಾಗ ನಿಲ್ಲಿಸಬೇಕೆಂಬುದೇ ಯಾರಿಗೂ ಬಗೆಹರಿಯದ ಸಮಸ್ಯೆ.

ತೋಷಿಬಾ ಕಂಪನಿ ಈ ಕೆಲಸವನ್ನು ಯೊಶಿತದ ಮಿನಾಮಿ ಎಂಬ ಸಣ್ಣ ಕಾರ್ಖಾನೆದಾರರಿಗೆ ವಹಿಸಿತು. ಅವರು ನೀರು ಕಾಯಿಸುವ ಉಪಕರಣ ಮಾಡುತ್ತಿದ್ದವರು, ಅನ್ನದ ವಿಷಯ ತಿಳಿಯದವರು. ತಿಳಿದವರು ಅವರ ಪತ್ನಿ ಫುಮಿಕೊ. ಮಕ್ಕಳ ಲಾಲನೆಪಾಲನೆಯ ನಡುವೆಯೇ ಆಕೆ ದಿನದಿನವೂ ಬೇರೆ ಬೇರೆ ರೀತಿಯಲ್ಲಿ ಅನ್ನ ಬೇಯಿಸಿ, ಉಷ್ಣತೆ ಅಳೆದು ಬರೆದಿಟ್ಟರು. ಚಳಿಯಲ್ಲಿ ಪಾತ್ರೆ ಹೇಗೆ ವರ್ತಿಸುತ್ತದೆಂದು ನೋಡಲು ಕೊರೆಯುವ ಚಳಿಯಲ್ಲೂ ಪ್ರಯೋಗ ಮಾಡಿದರು. ಕುದಿಯುವ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಅನ್ನ ಹದವಾಗುತ್ತದೆ ಎಂಬುದು ಸಿಕ್ಕ ಉತ್ತರ.

ಆ ಇಪ್ಪತ್ತು ನಿಮಿಷವನ್ನು ಅಳೆಯಲು ಗಡಿಯಾರದ ಬದಲು ನೀರನ್ನೇ ಬಳಸಿದರು. ಒಳಪಾತ್ರೆಯಲ್ಲಿ ಅಕ್ಕಿ, ಹೊರಪಾತ್ರೆಯಲ್ಲಿ ಸುಮಾರು ಒಂದು ಲೋಟ ನೀರು. ನೀರಿರುವವರೆಗೆ ಉಷ್ಣತೆ 100 ಡಿಗ್ರಿ ದಾಟುವುದಿಲ್ಲ. ಆ ನೀರು ಆವಿಯಾಗಿ ಮುಗಿಯುವ ಹೊತ್ತಿಗೆ ಅನ್ನ ಬೆಂದಿರುತ್ತದೆ. ಕೂಡಲೇ ಉಷ್ಣತೆ ಏರುತ್ತದೆ, ಎರಡು ಲೋಹಗಳನ್ನು ಬೆಸೆದ ಪಟ್ಟಿ ಬಾಗುತ್ತದೆ, ಸ್ವಿಚ್ ಆರುತ್ತದೆ. 1955ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದ ಈ ಕುಕ್ಕರ್ ಕೆಲವೇ ವರ್ಷಗಳಲ್ಲಿ ಜಪಾನಿನ ಮನೆಮನೆಗೂ ಹೋಯಿತು. ನೀರಿನ ಮಟ್ಟದಿಂದ ಕೆಲಸದ ಹಂತವನ್ನು ಅರಿಯುವ ಆಮಿದಿನ ನವಿಲು ನೆನಪಾಗುವುದಿಲ್ಲವೇ? ಇಂದಿನ ಸಾಮಾನ್ಯ ಕುಕ್ಕರುಗಳಲ್ಲಿ ಹೊರಪಾತ್ರೆಯ ನೀರಿಲ್ಲ. ತಳದಲ್ಲಿರುವ ವಿಶೇಷ ಅಯಸ್ಕಾಂತವು 100 ಡಿಗ್ರಿಗಿಂತ ತುಸು ಮೇಲೆ ತನ್ನ ಸೆಳೆತವನ್ನು ಕಳೆದುಕೊಂಡಾಗ ‘ಟಕ್’ ಎಂದು ಸ್ವಿಚ್ ಮೇಲೇಳುತ್ತದೆ. ಪಾತ್ರೆಯ ಮೇಲೆ ಕಂಪನಿಯ ಹೆಸರಿದೆ, ಫುಮಿಕೊ ಅವರ ಹೆಸರು ಇಲ್ಲ.

ನಿಲ್ಲುವುದನ್ನು ಕಲಿಸದಿದ್ದರೆ ಏನಾಗುತ್ತದೆಂಬುದನ್ನು ರೋಬೋಟುಗಳು ತೋರಿಸಿಕೊಟ್ಟವು. ಅಮೆರಿಕದ ಜಾರ್ಜ್ ಡೆವೊಲ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ‘ಯೂನಿಮೇಟ್’ ಎಂಬ ಯಂತ್ರದ ತೋಳು 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಿತು. ಎರಕದಿಂದ ಹೊರಬರುವ ಕಾದ ಲೋಹದ ಭಾಗಗಳನ್ನು ಎತ್ತಿಡುವ, ಮನುಷ್ಯನ ಕೈ ಸುಡುವ ಕೆಲಸ ಅದು. ಆದರೆ ಆ ತೋಳಿಗೆ ಹೇಳಿಕೊಟ್ಟ ದಾರಿ ಗೊತ್ತೇ ಹೊರತು, ದಾರಿಯಲ್ಲಿ ಯಾರಿದ್ದಾರೆಂಬುದು ಗೊತ್ತಿರಲಿಲ್ಲ. 1979ರ ಜನವರಿಯಲ್ಲಿ ಮಿಷಿಗನ್ನಿನ ಫೋರ್ಡ್ ಎರಕದ ಕಾರ್ಖಾನೆಯಲ್ಲಿ ಬಿಡಿಭಾಗ ತರಲು ಕಪಾಟನ್ನು ಹತ್ತಿದ್ದ 25 ವರ್ಷದ ಕೆಲಸಗಾರನಿಗೆ ಸಾಗಣೆ ರೋಬೋಟಿನ ತೋಳು ಹಿಂದಿನಿಂದ ಬಡಿಯಿತು. ಆತ ಸತ್ತ ಮೇಲೂ ಅದು ಸುಮಾರು ಅರ್ಧ ಗಂಟೆ ತನ್ನ ಪಾಡಿಗೆ ಸಾಮಾನು ಸಾಗಿಸುತ್ತಲೇ ಇತ್ತು. ರೋಬೋಟಿನಿಂದ ಮನುಷ್ಯನೊಬ್ಬ ಸತ್ತ ಮೊದಲ ಪ್ರಕರಣವೆಂದು ದಾಖಲಾಗಿರುವುದು ಇದೇ. 1983ರಲ್ಲಿ ನ್ಯಾಯಾಲಯದ ಜ್ಯೂರಿ ಆತನ ಕುಟುಂಬಕ್ಕೆ ಒಂದು ಕೋಟಿ ಡಾಲರ್ ಪರಿಹಾರ ವಿಧಿಸಿತು.

ಹರಿದ ಎಳೆಯನ್ನು ಮಗ್ಗ ಅರಿಯುವುದಕ್ಕೆ ಕಲಿತು ಅರ್ಧ ಶತಮಾನ ಕಳೆದಿದ್ದರೂ, ಮನುಷ್ಯನ ಮೈಯನ್ನು ಅರಿಯಲು ಆ ತೋಳಿಗೆ ಯಾರೂ ಕಲಿಸಿರಲಿಲ್ಲ. ಈಗ ಕಾರ್ಖಾನೆಗಳಲ್ಲಿ ರೋಬೋಟಿನ ಸುತ್ತ ಬೇಲಿಯಿದೆ, ಬಾಗಿಲು ತೆರೆದರೆ ವಿದ್ಯುತ್ ಕಡಿಯುತ್ತದೆ. 2008ರಲ್ಲಿ ಡೆನ್ಮಾರ್ಕಿನ ಯೂನಿವರ್ಸಲ್ ರೋಬೋಟ್ಸ್ ಕಂಪನಿಯು ಬೇಲಿ ಇಲ್ಲದೆಯೇ ಮನುಷ್ಯನ ಪಕ್ಕದಲ್ಲಿ ಕೆಲಸ ಮಾಡಬಲ್ಲ, ತಡೆ ತಗುಲಿದ ಕೂಡಲೇ ನಿಲ್ಲುವ ಹಗುರ ತೋಳನ್ನು ಮಾರತೊಡಗಿತು. 2023ರ ಕೊನೆಗೆ ಜಗತ್ತಿನ ಕಾರ್ಖಾನೆಗಳಲ್ಲಿದ್ದ ರೋಬೋಟುಗಳ ಸಂಖ್ಯೆ 42 ಲಕ್ಷ ದಾಟಿತ್ತು.

ಟೊಯೋಟ ಕಂಪನಿ ತನ್ನ ಮಗ್ಗದ ಪಾಠವನ್ನು ಕಾರಿನ ಕಾರ್ಖಾನೆಗೂ ತಂದಿತು. ಅದನ್ನು ಅವರು ‘ಜಿದೋಕ’ ಎನ್ನುತ್ತಾರೆ. ಸ್ವಯಂಚಾಲನೆ ಎಂಬರ್ಥದ ಜಪಾನಿ ಪದವನ್ನು ಬರೆಯುವಾಗ ಒಂದು ಅಕ್ಷರದ ಪಕ್ಕಕ್ಕೆ ‘ಮನುಷ್ಯ’ ಎಂಬ ಚಿಹ್ನೆಯನ್ನು ಸೇರಿಸುತ್ತಾರೆ. ಜೋಡಣೆಯ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ದೋಷ ಕಂಡರೆ ಹಗ್ಗ ಎಳೆಯಬಹುದು. ಫಲಕದಲ್ಲಿ ದೀಪ ಹತ್ತುತ್ತದೆ, ದೋಷ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ.

ಈ ಪದ್ಧತಿ ನಮ್ಮ ನಾಡಿಗೂ ಬಂದಿದೆ. 1997ರಲ್ಲಿ ಸ್ಥಾಪನೆಯಾದ ಟೊಯೋಟ ಕಿರ್ಲೋಸ್ಕರ್ ಕಂಪನಿಯ ಕಾರ್ಖಾನೆ ಇರುವುದು ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ. 2020ರ ನವೆಂಬರಿನಲ್ಲಿ ಅಲ್ಲಿ ಸಾಲು ನಿಂತದ್ದು ಹಗ್ಗ ಎಳೆದದ್ದರಿಂದಲ್ಲ. ಕೆಲಸದ ಹೊರೆ ಮಿತಿಮೀರಿದೆ ಎಂದು ಕಾರ್ಮಿಕರು ಧರಣಿ ಕುಳಿತರು, ಆಡಳಿತ ಅದನ್ನು ಒಪ್ಪದೆ ಬೀಗಮುದ್ರೆ ಘೋಷಿಸಿತು. ವಿವಾದ 2021ರವರೆಗೂ ಎಳೆಯಿತು. ಅದೇ ಆವರಣದಲ್ಲಿ 2007ರಿಂದ ಒಂದು ತಾಂತ್ರಿಕ ತರಬೇತಿ ಸಂಸ್ಥೆಯೂ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಬಡ ವಿದ್ಯಾರ್ಥಿಗಳನ್ನು ಆರಿಸಿ, ಮೂರು ವರ್ಷ ತರಬೇತಿ ನೀಡುವುದಕ್ಕಾಗಿ ಅದನ್ನು ಆರಂಭಿಸಲಾಯಿತು.